ಸತ್ಯಾಂಶ: ಕಂದು ಹಾಕುವ ರೋಗ ದನಗಳಿಗೆ ಮಾತ್ರವಲ್ಲ

‘ಹಸು ಕಂದು ಹಾಕುವ ರೋಗ ಮನುಷ್ಯರಿಗೆ ಬರುವುದಿಲ್ಲ, ಬಂದರೂ ನಾಲ್ಕು ದಿನದ ಜ್ವರವಷ್ಟೇ’ ಎಂಬ ವಾಟ್ಸ್‌ಆ್ಯಪ್ ಸಂದೇಶದ ಎರಡೂ ಮಾತು ತಪ್ಪು. ದನಗಳಲ್ಲಿ ಗರ್ಭಪಾತ ತರುವ ಈ ರೋಗಕ್ಕೆ (ಬ್ರುಸೆಲ್ಲೋಸಿಸ್) ಕಾರಣವಾದ ಬ್ರುಸೆಲ್ಲಾ ಬ್ಯಾಕ್ಟೀರಿಯಾವನ್ನು 1887ರಲ್ಲಿ ಡೇವಿಡ್ ಬ್ರೂಸ್ ಗುರುತಿಸಿದ್ದೇ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಲ್ಲಿ (ಸ್ಪ್ಲೀನ್).

ಬಿಟ್ಟು ಬಿಟ್ಟು ಬರುವ ಜ್ವರ, ಬೆವರು ಮತ್ತು ಕೀಲುನೋವು ಇದರ ಪರಿಚಿತ ರೂಪ. ಆದರೆ ಕೆಲವರಲ್ಲಿ ತಿಂಗಳುಗಟ್ಟಲೆ ಬಿಡದ ಸೊಂಟನೋವು ಅಥವಾ ವೃಷಣದ ಬಾವು ಮಾತ್ರವೇ ಎದ್ದು ಕಾಣುತ್ತದೆ. ಹೃದಯದ ಕವಾಟಕ್ಕೆ ತಗಲುವುದು ವಿರಳವಾದರೂ ಈ ರೋಗದ ಸಾವುಗಳಿಗೆ ಮುಖ್ಯ ಕಾರಣ ಅದೇ. ಬೆನ್ನುಮೂಳೆಯ ಸೋಂಕು ಕ್ಷಯವನ್ನು ಹೋಲುವುದರಿಂದ, ದನಕರುಗಳ ಒಡನಾಟವಿದ್ದವರು ಅದನ್ನು ವೈದ್ಯರಿಗೆ ತಾವಾಗಿಯೇ ಹೇಳಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಕೊಟ್ಟಿಗೆಯಲ್ಲಿ ಬಿದ್ದ ಮಾಸನ್ನು (ಕರುವಿನ ಜೊತೆ ಹೊರಬೀಳುವ ಪೊರೆ) ಬರಿಗೈಯಲ್ಲಿ ಎತ್ತಿ ತಿಪ್ಪೆಗೆ ಹಾಕುವಾಗ ಬೆರಳ ತುದಿಯ ಸಣ್ಣ ಗೀರೊಂದೇ ರೋಗಾಣುವಿಗೆ ಸಾಕು. ಹಸಿ ಹಾಲು ಇನ್ನೊಂದು ದಾರಿ. ಕಾಯಿಸಿದರೆ ರೋಗಾಣು ಸಾಯುತ್ತದೆ. ಚಿಕಿತ್ಸೆಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧವನ್ನು ಕನಿಷ್ಠ 6 ವಾರ ಕೊಡುತ್ತಾರೆ. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಮನುಷ್ಯರಿಗೆ ಲಸಿಕೆಯಿಲ್ಲ, ಹೆಣ್ಣುಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನೊಳಗೆ ಒಮ್ಮೆ ಹಾಕಿಸುವ ಲಸಿಕೆಯಿದೆ.