ಊರು ಎಲ್ಲಿಗೆ ಮುಗಿಯುತ್ತದೆ?

ಯಾವುದೇ ಮಹಾನಗರದಲ್ಲಿ ಇಷ್ಟು ಜನ ಇದ್ದಾರೆ ಅಂತ ಓದಿದಾಗ ನನಗೆ ಮೊದಲು ಬರುವ ಪ್ರಶ್ನೆ: ಗೆರೆ ಎಲ್ಲಿ ಎಳೆದರು? ಗೆರೆ ಆಚೆ ಸರಿದರೆ ಊರು ದೊಡ್ಡದು, ಈಚೆ ಬಂದರೆ ಚಿಕ್ಕದು. ಒಂದು ಮನೆಯೂ ಕದಲಿರುವುದಿಲ್ಲ.

ಅಮೆರಿಕದ ಲೆಕ್ಕ ನೋಡಿ. ನಡುವೆ ಕನಿಷ್ಠ 50,000 ಜನರ ಪೇಟೆ ಇರಬೇಕು. ಪಕ್ಕದ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ದುಡಿಯುವವರ ಪೈಕಿ ಶೇ. 25ರಷ್ಟು ಜನ ನಡುವಿನ ಕೌಂಟಿಗಳಿಗೆ ಕೆಲಸಕ್ಕೆ ಹೋದರೆ ಅದೂ ಮಹಾನಗರಕ್ಕೆ ಸೇರುತ್ತದೆ. ಸೇರಿದರೆ ಇಡೀ ಕೌಂಟಿ ಸೇರಬೇಕು, ಅರ್ಧ ಕಾಲು ಅಂತಿಲ್ಲ. ನನ್ನ ತಕರಾರು ಇಲ್ಲೇ ಶುರು.

ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕೌಂಟಿಯ ನಕ್ಷೆ ತೆಗೆದು ನೋಡಿ. ನೈಋತ್ಯದ ಮೂಲೆಯಲ್ಲಿ ಮನೆ, ಗೋದಾಮು, ಹೆದ್ದಾರಿ ಒತ್ತೊತ್ತಾಗಿವೆ. ಬೆಟ್ಟ ದಾಟಿದರೆ ಮೊಹಾವಿ ಮರುಭೂಮಿ. ರಸ್ತೆಯಲ್ಲಿ 300 ಕಿ.ಮೀ.ಗೂ ಜಾಸ್ತಿ ಹೋದ ಮೇಲೆ ಕೊಲರಾಡೋ ನದಿಯ ದಡದಲ್ಲಿ ನೀಡಲ್ಸ್ ಅನ್ನುವ ಪುಟ್ಟ ಊರು. ಕೌಂಟಿ ಅಲ್ಲಿಯವರೆಗೂ ಇದೆ, ಸ್ವಿಟ್ಜರ್ಲೆಂಡಿಗಿಂತ ದೊಡ್ಡದು. ಹಾಗಾಗಿ ನೀಡಲ್ಸ್, ನಡುವಿನ ಮರಳು ಎಲ್ಲವೂ ಮಹಾನಗರದ ಲೆಕ್ಕದಲ್ಲೇ! ಅದೇ ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ ನಡುವೆ ಇರುವುದು ಸುಮಾರು 80 ಕಿ.ಮೀ. ದಾರಿಯುದ್ದಕ್ಕೂ ಊರಿಗೆ ಊರು ಅಂಟಿಕೊಂಡಿದೆ. ಆದರೂ ಅವು ಎರಡು ಬೇರೆ ಬೇರೆ ಮಹಾನಗರ ಪ್ರದೇಶ. ಕಣ್ಣಿಗೆ ಕಾಣುವುದಕ್ಕೂ ಲೆಕ್ಕಕ್ಕೂ ತಾಳೆಯೇ ಆಗುವುದಿಲ್ಲ.

ಇದು ಸುಮ್ನೆ ನಕ್ಷೆಯ ಜಗಳ ಅಲ್ಲ. ಅಂಕಿಅಂಶಕ್ಕೆ ಮಾತ್ರ ಈ ಗೆರೆ ಅಂತ ಎಳೆಯುವ ಕಚೇರಿಯೇ ಹೇಳುತ್ತದೆ. ಆದರೆ ಮುಖ್ಯವಾಗಿ ವಯಸ್ಸಾದವರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಆಸ್ಪತ್ರೆಗಳಿಗೆ ಕೊಡುವ ಹಣದಲ್ಲಿ, ಬಡವರ ಬಾಡಿಗೆ ನೆರವಿನಲ್ಲಿ ಇದೇ ಗೆರೆ ನುಸುಳುತ್ತದೆ. ಹಾಗಾಗಿಯೇ 2021ರ ಜನವರಿಯಲ್ಲಿ 50,000 ಇದ್ದದ್ದನ್ನು 1,00,000ಕ್ಕೆ ಏರಿಸೋಣ ಅಂದಾಗ ಸಣ್ಣ ಪಟ್ಟಣಗಳು ಗಾಬರಿಯಾದವು. 144 ಪ್ರದೇಶಗಳು ಮಹಾನಗರದ ಪಟ್ಟಿಯಿಂದ ಬೀಳುತ್ತಿದ್ದವು. ವಿರೋಧ ಬಂತು, ಜುಲೈ ಹೊತ್ತಿಗೆ ಕೈಬಿಟ್ಟರು. ಕೈಬಿಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಎಣಿಸಲು ಎಳೆದ ಗೆರೆಯಿಂದ ಯಾರ ಚಿಕಿತ್ಸೆಯ ದುಡ್ಡೂ ಕಡಿಮೆಯಾಗಬಾರದು.

ಯುರೋಪಿನ ದಾರಿ ನನಗೆ ಹಿಡಿಸುತ್ತದೆ. ಒಂದೊಂದು ಚದರ ಕಿ.ಮೀ. ಚೌಕದಲ್ಲಿ ಜನ ಎಷ್ಟು ದಟ್ಟವಾಗಿದ್ದಾರೆ ಅಂತ ನೋಡಿ ಮೊದಲು ನಡುವಿನ ನಗರ ಗುರುತಿಸುತ್ತಾರೆ. ಆಮೇಲೆ ಶೇ. 15ರಷ್ಟು ದುಡಿಯುವವರು ಅಲ್ಲಿಗೆ ಹೋಗುವ ಸುತ್ತಲಿನ ಊರುಗಳನ್ನು ಸೇರಿಸುತ್ತಾರೆ. ಇಟ್ಟಿಗೆ ಚಿಕ್ಕದಾದಷ್ಟೂ ಗೋಡೆ ನೇರ ಬರುತ್ತದೆ, ಅಲ್ವಾ?

ಆದರೆ ಎರಡೂ ಕಡೆ ಎಣಿಸುವುದು ಕೆಲಸದ ಓಡಾಟ ಮಾತ್ರ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ನಗರಕ್ಕೆ ಹೋಗುವ ಅಜ್ಜಿ, ದಿನಾ ಕಾಲೇಜಿಗೆ ಹೋಗುವ ಹುಡುಗಿ ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಈಗ ಮನೆಯಿಂದಲೇ ಕೆಲಸ ಮಾಡುವವರೂ ಜಾಸ್ತಿ ಆಗಿದ್ದಾರೆ. ಅಮೆರಿಕದ ಸಮೀಕ್ಷೆ ಕೇಳುವುದು, ಕಳೆದ ವಾರ ಹೆಚ್ಚಾಗಿ ಎಲ್ಲಿ ಕೆಲಸ ಮಾಡಿದಿರಿ ಅಂತ. ಮೂರು ದಿನ ಮನೆ, ಎರಡು ದಿನ ಆಫೀಸು ಅಂದರೆ ಉತ್ತರ: ಮನೆ. ಆ ಎರಡು ದಿನದ ರೈಲು ಪ್ರಯಾಣ ಲೆಕ್ಕದಿಂದ ಮಾಯ. 2023ರಲ್ಲಿ ಹೊಸ ಗೆರೆ ಎಳೆದದ್ದು 2016ರಿಂದ 2020ರವರೆಗಿನ ಓಡಾಟ ನೋಡಿ. ಮುಂದಿನ ಸಲ ಎಳೆಯುವ ಮೊದಲು ಆ ಪ್ರಶ್ನೆಯನ್ನಾದರೂ ಬದಲಿಸಲಿ.