ತಲೆ ಹಾಕಬಾರದು, ಆದ್ರೂ...

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೀಟಿಂಗಿಗೆ ಒಬ್ಬರಾದರೂ ‘ಸಾರಿ ಟು ಬಟ್ ಇನ್’ ಅನ್ನುತ್ತಿದ್ದರು. ಇದು ‘ಆದರೆ’ ಅನ್ನೋ ಅರ್ಥದ ಬಟ್ ಅಂತಲೇ ನಾನು ತಿಳಿದಿದ್ದೆ. ಮಾತಿನ ಮಧ್ಯೆ ನುಗ್ಗುವವರೆಲ್ಲ ಶುರು ಮಾಡೋದು ಬಟ್ ಅಂತಲೇ ಅಲ್ವಾ? ಒಂದು ದಿನ ನಾನೂ ಧೈರ್ಯ ಮಾಡಿ ಮೇಲ್‌ನಲ್ಲಿ ಹಾಗೇ ಬರೆದೆ, ಒಂದೇ ‘ಟಿ’ ಹಾಕಿ. ಪಕ್ಕದ ಸೀಟಿನವರು ಮೆಲ್ಲಗೆ ಬಗ್ಗಿ, ‘ಇನ್ನೊಂದು ಟಿ ಎಲ್ಲಿ?’ ಅಂದರು. ಕನ್ನಡದಲ್ಲಿ ಬರೆದಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಎರಡಕ್ಕೂ ನಮ್ಮಲ್ಲಿ ಒಂದೇ ಬಟ್.

ಎರಡು ಟಿ ಇರೋ ಬಟ್ ಅಂದರೆ ತಲೆಯಿಂದ ಗುದ್ದೋದು. ಟಗರು, ಹೋತಗಳು ಮಾಡೋ ಕೆಲಸ. ಹಳೇ ಫ್ರೆಂಚಿನಲ್ಲಿ ಹೊಡೆ, ತಳ್ಳು ಅನ್ನೋ ಅರ್ಥವಿದ್ದ ಮಾತಿನಿಂದ ಇಂಗ್ಲಿಷಿಗೆ ಬಂದದ್ದು. ಅದಕ್ಕೊಂದು ‘ಇನ್’ ಅಂಟಿಸಿ, ಕರೆಯದ ಕಡೆ ನುಗ್ಗೋದು ಅನ್ನೋ ಅರ್ಥ ಕೊಟ್ಟದ್ದು ಅಮೆರಿಕದ ಆಡುಮಾತು, 1900ರ ಆಸುಪಾಸಿನಲ್ಲಿ. ಅಷ್ಟಕ್ಕೇ ಬಿಡಲಿಲ್ಲ ಅವರು. ಹೀಗೆ ನುಗ್ಗುವವನಿಗೆ ‘ಬಟಿನ್‌ಸ್ಕಿ’ ಅಂತ, ರಷ್ಯಾ ಕಡೆಯ ಮನೆತನದ ಹೆಸರಿನ ಥರ, ಒಂದು ಅಡ್ಡಹೆಸರನ್ನೂ ಇಟ್ಟರು. ನಮ್ಮ ಅಧಿಕಪ್ರಸಂಗಿಗೆ ವಿದೇಶದಲ್ಲೊಬ್ಬ ಅಣ್ಣ!

‘ಇನ್’ ಸೇರಿದ ಮಾತ್ರಕ್ಕೆ ಎಲ್ಲವೂ ಕೆಟ್ಟದ್ದಲ್ಲ. ಸ್ಟೆಪ್ ಇನ್ ಮಾಡಿದವರು ಜಗಳ ಬಿಡಿಸೋಕೆ ಬಂದ ದೊಡ್ಡ ಮನುಷ್ಯರು. ಬಾರ್ಜ್ ಇನ್ ಮಾಡಿದವನು ಬಾಗಿಲು ತಟ್ಟದೆ ಬಂದವನು. ಬಟ್ ಇನ್ ಮಾಡಿದವನು ಎದುರಿನವರ ಮಾತು ಮುಗಿಯೋವರೆಗೂ ಕಾಯದವನು.

ಕನ್ನಡದಲ್ಲಿ ಇದಕ್ಕೆಲ್ಲ ಅಂಗಾಂಗಗಳ ಲೆಕ್ಕ. ಮಾತಿನ ಮಧ್ಯೆ ಬಾಯಿ ಹಾಕುತ್ತೇವೆ. ಇನ್ನೊಬ್ಬರ ವ್ಯವಹಾರಕ್ಕೆ ತಲೆ ಹಾಕುತ್ತೇವೆ. ಗುಟ್ಟಿನ ವಿಷಯವಾದರೆ ಮೂಗು ತೂರಿಸುತ್ತೇವೆ. ಬೆಕ್ಕು ಹಾಲಿಗೆ ಬಾಯಿ ಹಾಕೋದು, ನಾವು ಮಾತಿಗೆ ಬಾಯಿ ಹಾಕೋದು, ಎರಡಕ್ಕೂ ಒಂದೇ ಪದ ಇರೋದು ನನಗಂತೂ ಬಹಳ ಇಷ್ಟ. ಎರಡೂ ಕಡೆ ಆಮೇಲೆ ಉಳಿದದ್ದು ಯಾರಿಗೂ ಬೇಡ. ಏನನ್ನೂ ಹಾಕದೆ ಜಗಲಿ ಮೇಲೆ ಕೂತೇ ಎಲ್ಲರ ಸಂಸಾರ ನಡೆಸುವವರಿಗೆ ‘ಊರ ಉಸಾಬರಿ ನಿಂಗ್ಯಾಕೆ’ ಅನ್ನೋದು ಇದ್ದೇ ಇದೆ.

ಒಂದು ಮಜಾ ನೋಡಿ. ‘ನೀನು ಬಟ್ ಇನ್ ಮಾಡ್ತೀಯ’ ಅಂದರೆ ಬೈಗುಳ. ‘ಸಾರಿ, ನಾನು ಬಟ್ ಇನ್ ಮಾಡ್ತಿದ್ದೀನಿ’ ಅಂದರೆ ಮರ್ಯಾದೆ. ಕೆಲಸ ಮಾತ್ರ ಒಂದೇ. ಇದು ನನಗೆ ಅರ್ಥವಾದದ್ದು ಅಜ್ಜಿ ಮನೆಯ ಟಗರನ್ನು ನೆನೆಸಿಕೊಂಡಾಗ. ಅದು ಎದುರು ನಿಂತು, ತಲೆ ತಗ್ಗಿಸಿ, ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಪಾಪ, ಹೆದರಿಕೊಂಡಿತು ಅಂತ ನಾನು ನಗುತ್ತಾ ನಿಂತೆ. ಮರುಕ್ಷಣ ಸಗಣಿ ಗುಂಡಿಯಲ್ಲಿದ್ದೆ. ಆ ‘ಸಾರಿ’ ಇದೆಯಲ್ಲ, ಅದೇ ಆ ನಾಲ್ಕು ಹೆಜ್ಜೆ.

ನಮ್ಮ ದೊಡ್ಡಮ್ಮನಿಗೆ ಇಂಗ್ಲಿಷ್ ಬರೋದಿಲ್ಲ. ಹೋದ ವಾರ ಮನೆಗೆ ಬಂದವರು ಅಡುಗೆಮನೆ ಬಾಗಿಲಲ್ಲೇ ನಿಂತು, ‘ನಿಮ್ಮ ಸಂಸಾರ, ನಾನು ತಲೆ ಹಾಕ್ಬಾರ್ದು ಕಣಮ್ಮ’ ಅಂತ ನನ್ನ ಹೆಂಡತಿಗೆ ಹೇಳಿದರು. ಹೇಳಿ ಒಂದು ಹೆಜ್ಜೆ ಹಿಂದಕ್ಕೂ ಸರಿದರು. ನಾನು ಕುಡಿಯುತ್ತಿದ್ದ ಕಾಫಿ ಲೋಟ ಕೆಳಗಿಟ್ಟೆ.

‘ಆದ್ರೂ...’ ಅಂದರು ದೊಡ್ಡಮ್ಮ. ಅಷ್ಟರಲ್ಲಿ ಸೌಟು ಅವರ ಕೈಯಲ್ಲಿತ್ತು.

ಒಂದೇ ಟಿ ಸಾಕಿತ್ತು ಅನ್ನಿಸಿತು ನನಗೆ.