ನೂರು ಬಾರ್ ಪ್ರೆಶರ್, ಆರುನೂರು ರೂಪಾಯಿ ಟ್ಯಾಂಕರ್

ಬೆಂಗಳೂರಿಗೆ ಬೇಡವಾದದ್ದು ಒಂದಲ್ಲ ಒಂದು ದಿನ ಕೋಲಾರಕ್ಕೆ ಬರುತ್ತದೆ. ಕೊಂಕು ಮಾತಲ್ಲ, ಅದಕ್ಕೆ ಸರ್ಕಾರಿ ಯೋಜನೆಯೇ ಇದೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಪೈಪಿನಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತದಲ್ಲಿ ಶುದ್ಧವಾಗಿ ನಮ್ಮ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ಅಲ್ಲಿಂದ ಮುಂದಕ್ಕೆ ಕೆರೆಯಿಂದ ಕೆರೆಗೆ ಹರಿಯಿತು. ಅವರು ಸ್ನಾನ ಮಾಡಿ ಬಿಟ್ಟ ನೀರಿನಿಂದ ನಮ್ಮ ಬೋರ್‌ವೆಲ್‌ಗಳಿಗೆ ಜೀವ ಬಂತು. ಹಾಗಾಗಿ ಬೆಂಗಳೂರಿನ ನನ್ನ ಭಾವಮೈದ ತನಗೆ ಬೇಡವಾದ ಪ್ರೆಶರ್ ವಾಷರ್ ಅನ್ನು ತಂದು ನಮ್ಮ ವರಾಂಡದಲ್ಲಿ ಇಳಿಸಿದಾಗ ನನಗೇನೂ ಆಶ್ಚರ್ಯ ಆಗಲಿಲ್ಲ.

ಪಾಪ, ಕಾರು ತೊಳೆಯುವ ಆಸೆಯಿಂದ ಕೊಂಡಿದ್ದ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಬಂತು. ಮೆಷಿನ್ ಅಟ್ಟ ಸೇರಿತು. ಅಟ್ಟದಿಂದ ಇಳಿದದ್ದು ಸೀದಾ ಕೋಲಾರಕ್ಕೆ. "ನಿಮ್ಮೂರಲ್ಲಿ ಯಾರು ಕೇಳ್ತಾರೆ ಬಿಡಿ" ಅಂದ. ಅವನದ್ದು ಸ್ವಂತ ಮನೆ. ಬಾಡಿಗೆ ಮನೆಯಲ್ಲಿ ಯಾರು ಯಾರು ಕೇಳುತ್ತಾರೆ ಅನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ನಾವಿರುವುದು ಕೋಲಾರಮ್ಮನ ದೇವಸ್ಥಾನದ ಕಡೆ, ಹಳೇ ಮನೆಯ ಮಹಡಿಯಲ್ಲಿ. ಕೆಳಗೆ ಓನರ್. ಅವರಿಗೆ ಬಾಡಿಗೆ ಕೇಳುವಾಗ ಕನ್ನಡ ಬರುತ್ತದೆ, ಕೋಪ ಬಂದರೆ ತೆಲುಗು. ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಅಡ್ವಾನ್ಸ್‌ನಲ್ಲಿ ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಇದು ಕರ್ನಾಟಕದ ಎಲ್ಲ ಓನರ್‌ಗಳೂ ಸೇರಿ ಬರೆದುಕೊಂಡ ಅಲಿಖಿತ ಸಂವಿಧಾನ. ಗೋಡೆಯನ್ನು ನೀವು ಕನ್ನಡಿಯ ಹಾಗೆ ಇಟ್ಟುಕೊಂಡರೂ ಹಿಡಿಯುತ್ತಾರೆ. ಆದರೂ ಮಳೆಗಾಲ ಮುಗಿದು ಅಂಗಳಕ್ಕೂ ಮೆಟ್ಟಿಲಿಗೂ ಪಾಚಿ ಕಟ್ಟಿದಾಗ, ತೊಳೆಯಬೇಕಾದ್ದು ಮಾತ್ರ ಬಾಡಿಗೆಯವರೇ.

ಪ್ರೆಶರ್ ವಾಷರ್ ಅಂದರೆ ನೀರು ಹಾಕಿದರೆ ಚಿಮ್ಮುತ್ತದೆ ಅಂದುಕೊಳ್ಳಬೇಡಿ. ಅದಕ್ಕೆ ಅದರದೇ ಆದ ಮರ್ಯಾದೆ ಬೇಕು. 1,500 ವಾಟ್‌ನ ಮೋಟಾರು. ಹಳೇ ಮನೆಯ ಸಣ್ಣ ಸಾಕೆಟ್ ತಡೆಯುವುದಿಲ್ಲ. ದಪ್ಪ ಪ್ಲಗ್ ಇರುವುದು ಗೀಸರ್ ಹತ್ತಿರ ಮಾತ್ರ. ಬಚ್ಚಲಿನಿಂದ ವೈರ್ ಎಳೆದು ಹಾಲ್ ದಾಟಿಸಿ ಮೆಟ್ಟಿಲಿಳಿಸಬೇಕು. ತೊಳೆದು ಮುಗಿಯುವವರೆಗೆ ಮನೆಯಲ್ಲಿ ಯಾರೂ ಸ್ನಾನ ಮಾಡುವ ಹಾಗಿಲ್ಲ.

ನೀರಿನದು ಇನ್ನೊಂದು ಕತೆ. ಹೊರಗೆ 100 ಬಾರ್ ಒತ್ತಡದಲ್ಲಿ ಉಗುಳುವ ಈ ಮೆಷಿನ್‌ಗೆ ಒಳಗೆ ಬರುವ ನೀರೂ ಸರಿಯಾಗಿ ಬರಬೇಕು. ಟ್ಯಾಂಕ್ 10 ಮೀಟರ್ ಮೇಲಿದ್ದರೆ ನಲ್ಲಿಯಲ್ಲಿ 1 ಬಾರ್ ಸಿಗುತ್ತದೆ. ನಮ್ಮ ಟ್ಯಾಂಕ್ ಇರುವುದು ತಲೆಗಿಂತ ಸ್ವಲ್ಪ ಮೇಲೆ, ಅದರಿಂದ ಇಳಿದು ಬರುವ ಪೈಪಿನಲ್ಲಿ ವರ್ಷಗಟ್ಟಲೆ ಕೂತ ಉಪ್ಪು ಬೇರೆ. ನಲ್ಲಿಗೆ ಸಿಕ್ಕಿಸಿದರೆ ಮೆಷಿನ್ ಬರೀ ಕೆಮ್ಮುತ್ತದೆ. ಕೊನೆಗೆ 200 ಲೀಟರ್‌ನ ನೀಲಿ ಡ್ರಮ್ ತುಂಬಿಸಿ ಅದರೊಳಗೆ ಪೈಪ್ ಇಳಿಬಿಟ್ಟಾಗ ಸರಿಹೋಯಿತು.

ಡ್ರಮ್ಮಿನಿಂದ ಒಂದು ಉಪಕಾರವಾಯಿತು. ನೀರಿನ ಲೆಕ್ಕ ಪಕ್ಕಾ ಸಿಕ್ಕಿತು. ಈ ಮೆಷಿನ್ ಕುಡಿಯುವುದು ನಿಮಿಷಕ್ಕೆ 6 ಲೀಟರ್. ಒಳ್ಳೇ ಪ್ರೆಶರ್ ಇರುವ ಕಡೆ ಬರೀ ಪೈಪ್ ಹಿಡಿದು ತೊಳೆದರೆ ನಿಮಿಷಕ್ಕೆ 15 ಲೀಟರ್ ಸುಲಭವಾಗಿ ಹೋಗುತ್ತದೆ. ಅರ್ಧ ಗಂಟೆಗೆ ಮುಕ್ಕಾಲು ಯೂನಿಟ್ ಕರೆಂಟು, ಅದು ಗೃಹಜ್ಯೋತಿಯ ಲೆಕ್ಕ. ನೀರು ಡ್ರಮ್ಮಿನಷ್ಟು. ನಮ್ಮಲ್ಲಿ 5,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ತೆಗೆದುಕೊಳ್ಳುತ್ತಾರೆ. ಅಂದರೆ ಲೀಟರಿಗೆ 12 ಪೈಸೆ. ಇಡೀ ಅಂಗಳ, ಮೆಟ್ಟಿಲು ಎಲ್ಲ ತೊಳೆದ ಖರ್ಚು 24 ರೂಪಾಯಿ! ಎರಡು ಕಾಫಿ ಕುಡಿದರೂ ಅಷ್ಟಾಗುತ್ತದೆ.

ಆದರೆ ಕೋಲಾರದಲ್ಲಿ ನೀರನ್ನು ಲೀಟರಿನಲ್ಲಿ ಯಾರು ಅಳೆಯುತ್ತಾರೆ? ಶಬ್ದದಲ್ಲಿ ಅಳೆಯುತ್ತಾರೆ. ಮೆಷಿನ್ ಗುರ್ ಅಂದ ಕೂಡಲೇ ಬೀದಿಯ ಕಿಟಕಿಗಳೆಲ್ಲ ತೆರೆದವು. ಎದುರು ಮನೆ ಆಂಟಿ ಸೊಂಟಕ್ಕೆ ಕೈಕೊಟ್ಟು ನಿಂತರು. "ಕುಡಿಯೋಕೆ ನೀರಿಲ್ಲ, ಇವರಿಗೆ ನೀರಾಟ" ಅಂದರು, ನನಗಲ್ಲ, ಪಕ್ಕದ ಮನೆಯವರಿಗೆ, ಆದರೆ ನನಗೆ ಕೇಳುವ ಹಾಗೆ. ಅವರನ್ನು ದೂರುವ ಹಾಗಿಲ್ಲ. ಸಾವಿರ ಅಡಿ ಕೊರೆದರೂ ಬರೀ ದೂಳು ಹಾರುವ ಬೋರ್‌ವೆಲ್ ನೋಡಿದವರು. ಬಂದರೂ ಫ್ಲೋರೈಡ್ ನೀರು. 2023ರಲ್ಲಿ ನಮ್ಮ ಕುಡಿಯುವ ನೀರಿಗಾಗಿ ಕಟ್ಟಿದ ಯರಗೋಳ್ ಅಣೆಕಟ್ಟು ಉದ್ಘಾಟನೆಯಾದ ಮೇಲೂ ಕೊಡ ಕಂಡರೆ ತುಂಬಿಸಿಡುವ ಕೈ ಅವರದ್ದು.

ಆದರೂ ಒಂದು ಲೆಕ್ಕ ನನ್ನ ತಲೆಯಲ್ಲಿ ಸುಮ್ನೆ ಓಡಿತು. ಆಂಟಿ ದಿನಾ ಬೆಳಿಗ್ಗೆ ಬಾಗಿಲಿಗೆ ಎರಡು ಬಕೆಟ್ ನೀರು ಹಾಕುತ್ತಾರೆ. ಬಕೆಟ್ 15 ಲೀಟರ್ ಅಂದರೂ ದಿನಕ್ಕೆ 30. ವರ್ಷಕ್ಕೆ 10,950 ಲೀಟರ್. ಎರಡು ಟ್ಯಾಂಕರ್ ದಾಟಿತು, ಅಲ್ವಾ? ಆದರೆ ಅದು ಶಬ್ದವಿಲ್ಲದ ನೀರು, ಮೇಲೆ ರಂಗೋಲಿ ಬೇರೆ ಬೀಳುತ್ತದೆ. ಆ ಲೆಕ್ಕವನ್ನು ಆಂಟಿಗೆ ಹೇಳುವ ಗಂಡಸು ಕೋಲಾರದಲ್ಲಿ ಇನ್ನೂ ಹುಟ್ಟಿಲ್ಲ. ನಾನು ನಕ್ಕು ತೊಳೆಯುತ್ತಿದ್ದೆ.

ಅಷ್ಟರಲ್ಲಿ ಓನರ್ ಬಂದರು, ತೆಲುಗಿನಲ್ಲಿ. ಸಂಪಿನಲ್ಲಿ ನೀರು ತಳ ಕಾಣುತ್ತಿದೆ ಅನ್ನುವುದು ಅದರ ಸಾರಾಂಶ. ನಾನು ನಿಮಿಷಕ್ಕೆ ಆರು ಲೀಟರ್‌ನ ವಿಷಯ ವಿವರಿಸಿದೆ. ನಂಬಲಿಲ್ಲ. "ಕೊಡಿ ಇಲ್ಲಿ, ನೋಡ್ತೀನಿ" ಅಂತ ನೀರು ಚಿಮ್ಮಿಸುವ ಗನ್ ಇಸಕೊಂಡರು.

ಕೊಡಬಾರದಿತ್ತು ಅಂತ ನನ್ನ ಹೆಂಡತಿ ಈಗ ಹೇಳುತ್ತಾಳೆ. ಓನರ್ ಕೇಳಿದರೆ ಗನ್ ಕೊಡಲ್ಲ ಅನ್ನುವುದಕ್ಕಾಗುತ್ತದೆಯೇ? ಮೊದಲು ನೆಲದ ಮೇಲೆ ಒಂದು ಗೆರೆ ಎಳೆದರು. ಕಪ್ಪು ಕಲ್ಲು ಬೆಳ್ಳಗಾಯಿತು. ಅವರ ಮುಖ ನೋಡಬೇಕಿತ್ತು. ಇನ್ನೊಂದು ಗೆರೆ. ಆಮೇಲೆ ಅವರ ಹಳೇ ಸ್ಕೂಟರ್. ತುಳಸಿಕಟ್ಟೆ. ಮೀಟರ್ ಬೋರ್ಡ್ ಕಡೆ ತಿರುಗಿದಾಗ ಮಾತ್ರ ನಾನು ಕೈ ಹಿಡಿದೆ. ಡ್ರಮ್ ಖಾಲಿಯಾಯಿತು, ಅವರೇ ಮೋಟಾರ್ ಹಾಕಿ ತುಂಬಿಸಿದರು. ನೀರಿನ ವಿಷಯ ಆಮೇಲೆ ಅವರ ಬಾಯಿಂದ ಬರಲೇ ಇಲ್ಲ, ತೆಲುಗಿನಲ್ಲೂ ಬರಲಿಲ್ಲ. ಬೈಯುತ್ತಿದ್ದ ಆಂಟಿ ತಮ್ಮ ಮನೆಯ ಕಾಲೊರೆಸು ತಂದು ಗೇಟಿನ ಮೇಲೆ ಹಾಕಿ, "ಹೇಗೂ ಆನ್ ಇದೆಯಲ್ಲ" ಅಂದರು.

ಕಾಂಪೌಂಡ್ ಗೋಡೆಗೆ ಬಂದಾಗ ಓನರ್ ನಾಜಲ್ ತಿರುಗಿಸಿ ಧಾರೆಯನ್ನು ಪೆನ್ಸಿಲ್ ಮೊನೆಯಷ್ಟು ಸಣ್ಣ ಮಾಡಿದರು. ಪಾಚಿ ಹೋಯಿತು. ಪಾಚಿಯ ಹಿಂದೆಯೇ ಗುಲಾಬಿ ಸಿಮೆಂಟ್ ಪೇಂಟ್ ಹಪ್ಪಳದಂತೆ ಎದ್ದು ಬಂತು. ಅದರ ಕೆಳಗೆ ಹಸಿರು. ಹಸಿರಿನ ಕೆಳಗೆ ನೀಲಿ. "ಅರೆ, ಇದು ನಮ್ಮಪ್ಪ ನನ್ನ ಮದುವೆಗೆ ಹೊಡೆಸಿದ್ದು" ಅಂತ ಓನರ್ ಖುಷಿಯಿಂದ ಇನ್ನಷ್ಟು ಹುಡುಕಿದರು. ಅಪ್ಪನ ಬಣ್ಣ ಪೂರ್ತಿ ಸಿಗುವ ಮೊದಲೇ ಸಂಪ್ ಬರಿದಾಯಿತು.

ಅಲ್ಲಿಂದ ಲೆಕ್ಕ ಶುರು. 24 ರೂಪಾಯಿಯ ನೀರು ಬೇಕು ಅಂದರೆ ಯಾವ ಟ್ಯಾಂಕರ್ ಬರುತ್ತದೆ? 5,000 ಲೀಟರ್ ತರಿಸಲೇಬೇಕು, 600 ಕೊಡಲೇಬೇಕು. ಟ್ಯಾಂಕರ್ ಬೀದಿ ಉದ್ದಕ್ಕೂ ನೀರು ಸೋರಿಸಿಕೊಂಡೇ ಬಂತು. ಯಾವ ಕಿಟಕಿಯೂ ತೆರೆಯಲಿಲ್ಲ. ಓನರ್ ಅರ್ಧರ್ಧ ಅಂದರು. ಯಾರ ಕೈಯಲ್ಲಿ ಎಷ್ಟು ಹೊತ್ತು ಗನ್ ಇತ್ತು ಅನ್ನುವ ಪ್ರಶ್ನೆಯನ್ನು ನಾನು ಮೆಲ್ಲಗೆ ಎತ್ತಿದೆ. "ಮೆಷಿನ್ ಯಾರದ್ದು?" ಅಂದರು. ಮುನ್ನೂರು ಕೊಟ್ಟೆ.

ಮಾರನೇ ದಿನ ಬಿಸಿಲಿಗೆ ಅಂಗಳ ಒಣಗಿದಾಗ ಕಲ್ಲಿನ ತುಂಬ ಬಿಳಿ ಕಲೆ. ಗಡಸು ನೀರಿನ ಉಪ್ಪು. ಕೊಳೆ ಹೋದ ಜಾಗಕ್ಕೆ ಬೋರ್‌ವೆಲ್ ಬಂದು ಕೂತಿತ್ತು. ನಾಜಲ್‌ನ ತೂತೂ ಕಟ್ಟಿಕೊಂಡಿತ್ತು, ನಿಂಬೆಹುಳಿಯಲ್ಲಿ ರಾತ್ರಿಯೆಲ್ಲ ನೆನೆಹಾಕಿದ ಮೇಲೆ ಬಿಟ್ಟಿತು.

ಗೋಡೆಗೆ ಮಾತ್ರ ಇನ್ನೂ ಬಣ್ಣ ಬಿದ್ದಿಲ್ಲ. ನಾನು ಮನೆ ಬಿಡುವಾಗ ಹಿಡಿಯುವ ಒಂದು ತಿಂಗಳ ಬಾಡಿಗೆಯಲ್ಲೇ ಅದನ್ನೂ ಹೊಡೆಸಬೇಕು ಅಂತ ಓನರ್ ಲೆಕ್ಕ. ಅಲ್ಲಿಯವರೆಗೆ ಗುಲಾಬಿ, ಹಸಿರು, ನೀಲಿ ಮೂರೂ ಹಾಗೇ ಇವೆ. ಟ್ಯಾಂಕರ್‌ನವನಿಗೆ ಈಗ ವಿಳಾಸ ಹೇಳುವುದು ಬಲು ಸುಲಭವಾಗಿದೆ.